ನೂರ ಮೂವತ್ತೇಳು ಕತ್ತಿಗಳ ಪರೀಕ್ಷೆ

ಚುನಾವಣೆಗೆ ಮೊದಲು ಕತ್ತಿಗಳನ್ನು ಸರ್ಕಾರಕ್ಕೆ ಒಪ್ಪಿಸಬೇಕೆಂದು ನಾನು ಯಾರಿಗೂ ಹೇಳಿರಲಿಲ್ಲ. ಇದನ್ನು ಸಬ್ ಇನ್ಸ್‌ಪೆಕ್ಟರಿಗೆ ಹೇಳಿದ್ದೇನೆ, ನಮ್ಮ ಸಾಹುಕಾರರಿಗೆ ಹೇಳಿದ್ದೇನೆ, ನನ್ನ ಹೆಂಡತಿ ನೇತ್ರಾವತಿಗೆ ಎರಡು ಸಲ ಹೇಳಿದ್ದೇನೆ. ಒಪ್ಪಿಸಬೇಕಾಗಿಲ್ಲ ಎಂದೂ ನಾನು ಯಾರಿಗೂ ಹೇಳಿರಲಿಲ್ಲ. ನೇತ್ರಾವತಿ ಹಿಡಿದುಕೊಂಡಿರುವುದು ಈ ಎರಡನೆಯ ಮಾತನ್ನು.

ನಾನು ಕೆ. ಹೊಸಕೋಟೆಯಿಂದ ಮೂರು ಮೈಲಿ ಒಳಗಿರುವ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ ಹಾಕುವುದು, ಸ್ಟೋರಿನ ಬೀಗದಕೈ ಇಟ್ಟುಕೊಳ್ಳುವುದು, ಸಾಹುಕಾರರು ಹೇಳಿದ್ದಕ್ಕೆ ಹೌದೆನ್ನುವುದು, ಈ ಮೂರೇ ಕೆಲಸ. ಹದಿನಾಲ್ಕು ವರ್ಷ ಈ ಮೂರನ್ನೂ ತಪ್ಪಿಲ್ಲದೆ ಮಾಡಿದ ಮನುಷ್ಯನಿಗೆ ಒಂದು ದಿನ ನಾಲ್ಕನೆಯದೊಂದು ಬೇಕೆನಿಸುತ್ತದೆ. ನನಗೆ ಅದು ಎರಡು ಸಾವಿರದ ನಾಲ್ಕನೇ ಇಸವಿಯ ಮಾರ್ಚಿನಲ್ಲಿ ಬೇಕೆನಿಸಿತು.

ಸಾಹುಕಾರ್ ಶಾಂತಮಲ್ಲಪ್ಪನವರು ಆ ದಿನ ಸ್ಟೋರಿನ ಮುಂದೆ ಜೀಪು ನಿಲ್ಲಿಸಿ, ಇಳಿಯದೆಯೇ ಒಂದು ಉದ್ದನೆಯ ರಟ್ಟಿನ ಡಬ್ಬ ಕೊಟ್ಟರು.

"ಮರಗಸಿ ಹತ್ರ ಬಂತು ರೈಟ್ರೇ. ನಲವತ್ತು ಹೊಸ ಕತ್ತಿ ಬೇಕು. ಹಾಸನದ ಅಂಗಡಿಯೋನು ಇದೊಂದು ಸ್ಯಾಂಪಲ್ ಕೊಟ್ಟವ್ನೆ. ನಮ್ಮ ಆಚಾರಿದು ಒಳ್ಳೇದೋ, ಇದು ಒಳ್ಳೇದೋ ನೋಡಿ ಹೇಳ್ರಿ. ಒಳ್ಳೇದು ಯಾವುದೋ ಅದಕ್ಕೇ ಆರ್ಡರ್ ಕೊಟ್ಬುಡನ."

ಮರಗಸಿ ಎಂದರೆ ಮಳೆಗೆ ಮೊದಲು ತೋಟದ ನೆರಳಿನ ಮರಗಳನ್ನು ಹತ್ತಿ ಕೊಂಬೆ ಸವರುವ ಕೆಲಸ. ನಮ್ಮಲ್ಲಿ ಭೂತಯ್ಯ ಇಪ್ಪತ್ತೈದು ವರ್ಷದಿಂದ ಮರ ಹತ್ತುತ್ತಿದ್ದಾನೆ. ಡಬ್ಬವನ್ನು ಅವನ ಕೈಗೆ ಕೊಟ್ಟು ಕೇಳಿದ್ದರೆ ಅವನು ಬೀಡಿ ಮುಗಿಯುವುದರೊಳಗೆ ಉತ್ತರ ಹೇಳಿಬಿಡುತ್ತಿದ್ದ. ಕೇಳಲಿಲ್ಲ. ಸಕಲೇಶಪುರದ ಬಸ್ಸು ಹತ್ತಿದೆ.

ಬಸ್‌ಸ್ಟ್ಯಾಂಡ್ ಹಿಂದಿನ ಸೈಬರ್ ಅಂಗಡಿಯ ಹುಡುಗಿ ನನ್ನ ಪರವಾಗಿ ಟೈಪ್ ಮಾಡಿದಳು. ಏನು ಹುಡುಕಬೇಕೆಂದು ಹೇಳಿದಾಗ ಕುರ್ಚಿಯನ್ನು ಸ್ವಲ್ಪ ದೂರ ಸರಿಸಿಕೊಂಡಳು.

"ಯಾರಿಗಾದ್ರೂ ಹೊಡೆಯೋಕಾ ಅಂಕಲ್?"

"ಇಲ್ಲಮ್ಮ. ಅಧ್ಯಯನಕ್ಕೆ."

ಹನ್ನೊಂದು ಹಾಳೆ ಪ್ರಿಂಟ್ ಬಂತು. ಚಾಕು ಕತ್ತಿಗಳಿಗೆ ಬಳಸುವ ಉಕ್ಕುಗಳಲ್ಲಿ ಯಾವುದು ಎಷ್ಟು ಹೊತ್ತು ಹರಿತ ಉಳಿಸಿಕೊಳ್ಳುತ್ತದೆ, ಯಾವುದು ಎಷ್ಟು ಏಟು ತಾಳುತ್ತದೆ ಎಂದು ಅದರಲ್ಲಿ ಯಾರೋ ಹಗಲಿರುಳು ಲೆಕ್ಕ ಹಾಕಿದ್ದರು. ಏಳನೆಯ ಹಾಳೆಯಲ್ಲಿ ಒಂದು ಚಿತ್ರವಿತ್ತು: ಎರಡು ಗೆರೆಗಳು, ಒಂದು ಮೇಲೇರಿದಂತೆ ಇನ್ನೊಂದು ಕೆಳಗಿಳಿಯುತ್ತದೆ. ಗಡಸು ಹೆಚ್ಚಿದಷ್ಟೂ ಹರಿತ ಉಳಿಯುತ್ತದೆ, ಆದರೆ ಏಟು ತಾಳುವುದು ಕಡಿಮೆಯಾಗುತ್ತದೆ ಎಂದು ಅದರ ಅರ್ಥ. ಇದು ನನಗೆ ಈಗ ಗೊತ್ತು. ಆಗ ಬಸ್ಸು ಕುಲುಕುತ್ತಿತ್ತು, ನಾನು ಮೇಲೇರುವ ಗೆರೆಯನ್ನು ಮಾತ್ರ ನೋಡಿದೆ. ಬಾಳ್ಳುಪೇಟೆ ದಾಟುವ ಹೊತ್ತಿಗೆ ಆಲೂರು ತಾಲ್ಲೂಕಿನಲ್ಲಿ ಉಕ್ಕಿನ ವಿಷಯ ತಿಳಿದವನು ನಾನೊಬ್ಬನೇ ಆಗಿದ್ದೆ.

ಮನೆಗೆ ಹೋಗುವ ಮೊದಲು ಕುಲುಮೆಗೆ ಹೋದೆ. ಇದೂ ಬೇಕಿರಲಿಲ್ಲ.

ಕೆಂಚಾಚಾರಿ ಕುಡುಗೋಲಿಗೆ ಹಲ್ಲು ಹಾಕುತ್ತಿದ್ದರು. ನಮ್ಮ ಪಕ್ಕದ ಮನೆಯ ಚೆಲುವಮ್ಮ ಅದು ಮುಗಿಯುವುದನ್ನೇ ಕಾಯುತ್ತ ಕಟ್ಟೆಯ ಮೇಲೆ ಕೂತಿದ್ದಳು. ಚೆಲುವಮ್ಮ ಎದುರಿಗಿದ್ದರೆ ಡಂಗುರ ಹೊಡೆಸುವ ಅಗತ್ಯವಿಲ್ಲ.

"ಆಚಾರ್ರೆ, ನಿಮ್ಮ ಕತ್ತಿಯ ರಾಕ್‌ವೆಲ್ ಎಷ್ಟು?" ಎಂದೆ.

"ಅದು ಎಲ್ಲಿ ಬರ್ತದೆ, ಹಿಡಿ ಕಡೆಗೋ, ಬಾಯಿ ಕಡೆಗೋ?"

"ಗಡಸುತನದ ಅಳತೆ ಅದು. ಅರವತ್ತು ಇರಬೇಕು. ನಿಮ್ಮದು ಲಾರಿ ಸ್ಪ್ರಿಂಗಿನ ಪ್ಲೇಟು. ಐವತ್ತೈದೂ ಇರಲ್ಲ."

"ಅಳೆದ್ರಾ?"

"ಅಳೀಬೇಕಾಗಿಲ್ಲ. ಇಲ್ಲಿ ಬರೆದಿದೆ."

ಚೆಲುವಮ್ಮ ಕತ್ತು ಚಾಚಿ ಹಾಳೆ ನೋಡಿದಳು. "ಇಂಗ್ಲೀಷಿನಲ್ಲಿ ನಮ್ಮ ಆಚಾರಿ ವಿಷ್ಯ ಬಂದೈತಾ? ಏನು ಮಾಡ್ದೆ ಕೆಂಚಣ್ಣ?"

ಕೆಂಚಾಚಾರಿ ಕುಡುಗೋಲನ್ನು ಕೆಳಗಿಟ್ಟರು. ಕೋಪ ಬಂದಂತೆ ಕಾಣಲಿಲ್ಲ. "ಗಡಸು ಮಾಡೋಕೆ ನಂಗೂ ಬರ್ತದೆ ರೈಟ್ರೇ. ನೀರಿಗೆ ಅದ್ದಿದ ಮೇಲೆ ಮತ್ತೆ ಕಾಯಿಸ್ದೆ ಹಂಗೇ ಬಿಟ್ರೆ ಗಾಜಿನಂಗೆ ಆಯ್ತದೆ. ಹದಿನೈದು ದಿನ ಮಸೆಯೋದೇ ಬ್ಯಾಡ. ಹದಿನಾರನೇ ದಿನ ಗಂಟಿಗೆ ಬಿದ್ದು ಚೂರೆದ್ದು ಕಣ್ಣಿಗೆ ಹಾರಿದ್ರೆ, ಭೂತಯ್ಯ ಮೂವತ್ತಡಿ ಮ್ಯಾಲಿಂದ ನಿಮ್ಮ ಪೇಪರ್ ಹಿಡ್ಕಂಡು ಇಳೀಬೇಕು. ಅದಕ್ಕೇ ನಾನು ಒಂಚೂರು ಮೆತ್ತಗೆ ಬುಡ್ತೀನಿ. ಬಾಯಿ ಮಡಚಿಕೊಂಡ್ರೆ ಕಲ್ಲಿಗೆ ಎರಡು ಸಲ ಎಳೆದ್ರೆ ಆಯ್ತು."

ಹನ್ನೊಂದು ಹಾಳೆಯಲ್ಲಿದ್ದದ್ದನ್ನು ಆ ಮನುಷ್ಯ ಅರ್ಧ ನಿಮಿಷದಲ್ಲಿ ಹೇಳಿ ಮುಗಿಸಿದ್ದರು. ನಾನು ತಲೆಯಾಡಿಸಿ, "ಇದೆಲ್ಲ ಹಳೇ ಕಾಲದ ಮಾತು ಆಚಾರ್ರೆ" ಎಂದೆ.

"ಹಂಗಾರೆ ನೋಡಿ ಹೇಳಿ. ನಿಮ್ಮ ನಲವತ್ತು ಬಂದ್ರೆ ಈ ಕುಲುಮೆ. ಬರ್ದಿದ್ರೆ ಚನ್ನರಾಯಪಟ್ಟಣ. ಅಳಿಯ ಗ್ರಿಲ್ ಮಾಡ್ತಾನೆ. ಬಂದು ವೆಲ್ಡಿಂಗ್ ಹಿಡ್ಕಳಿ ಮಾವ ಅಂತ ಮೂರು ವರ್ಷದಿಂದ ಕರೀತಾವ್ನೆ. ಒಬ್ಬಳು ಚೆಲುವಕ್ಕನ ಕುಡುಗೋಲಿಗೆ ಇದ್ದಿಲು ಉರಿಸೋಕಾಯ್ತದಾ?"

ಅವರು ಅದನ್ನು ಬೇಡಿಕೆಯಂತೆ ಹೇಳಲಿಲ್ಲ. ಬಸ್ಸಿನ ವೇಳೆ ಹೇಳುವಂತೆ ಹೇಳಿದರು.

ಒಂದು ಕತ್ತಿಯನ್ನು ನೋಡಿ ತೀರ್ಪು ಕೊಡಬಾರದು, ಹಲವನ್ನು ನೋಡಬೇಕು ಎಂದು ಮೂರನೆಯ ಹಾಳೆಯಲ್ಲಿತ್ತು. ಮಾರನೆಯ ದಿನ ಭೂತಯ್ಯನ ಕೈಯಲ್ಲಿ ಹೇಳಿಕಳಿಸಿದೆ: ಕೆಂಚಾಚಾರಿ ಮಾಡಿದ ಕತ್ತಿ ಇರುವವರು ಹೆಸರಿನ ಚೀಟಿ ಕಟ್ಟಿ ರೈಟರ ಮನೆಗೆ ತಂದುಕೊಡಿ, ಪರೀಕ್ಷೆ ಮುಗಿದ ಮೇಲೆ ವಾಪಸ್ಸು. ಹತ್ತು ಬಂದಾವು ಎಂದುಕೊಂಡಿದ್ದೆ.

ಅದೇ ದಿನ ಬೆಳಿಗ್ಗೆ ಶಾಂತಮಲ್ಲಪ್ಪನವರು ತಮ್ಮ ಎರಡು ಕೋವಿಗಳನ್ನು ಜೀಪಿನಲ್ಲಿಟ್ಟುಕೊಂಡು ಠಾಣೆಗೆ ಹೋಗಿದ್ದರು. ಚುನಾವಣೆ ಬಂದಾಗಲೆಲ್ಲ ನಮ್ಮ ಕಡೆ ಲೈಸೆನ್ಸಿನ ಕೋವಿಗಳನ್ನು ಠಾಣೆಗೆ ಒಪ್ಪಿಸಿ ರಸೀದಿ ತರಬೇಕು. ಮತ ಎಣಿಕೆ ಮುಗಿದ ಮೇಲೆ ವಾಪಸ್ಸು. ಇದು ಕಾನೂನು ಮಾತ್ರವಲ್ಲ, ಅಂತಸ್ತು ಕೂಡ. ಕೋವಿ ಒಪ್ಪಿಸಿ ಬಂದವರು ಹೋಟೆಲಿನಲ್ಲಿ ಕೂತು "ಡಿಪಾಸಿಟ್ ಮಾಡಿ ಬಂದೆ" ಎನ್ನುವ ರೀತಿಯೇ ಬೇರೆ. ಕೋವಿ ಇಲ್ಲದವರು ಆ ಮಾತು ಕೇಳಿಸಿಕೊಂಡು ಇಷ್ಟು ವರ್ಷ ಸುಮ್ಮನೆ ಕಾಫಿ ಕುಡಿದಿದ್ದರು.

ಜೀಪು ಹೋದದ್ದನ್ನೂ ಭೂತಯ್ಯ ಬಂದದ್ದನ್ನೂ ಚೆಲುವಮ್ಮ ಒಂದೇ ಜಗಲಿಯಿಂದ ನೋಡಿದ್ದಳು. ಮಧ್ಯಾಹ್ನದ ಹೊತ್ತಿಗೆ ಊರಿಗೆಲ್ಲ ವಿಷಯ ಸ್ಪಷ್ಟವಾಗಿತ್ತು: ಈ ಸಲ ಕೋವಿ ಇರುವವರು ಕೋವಿ, ಇಲ್ಲದವರು ಕತ್ತಿ.

ಸಂಜೆ ಐದಕ್ಕೆ ನನ್ನ ಜಗಲಿಯ ಮುಂದೆ ಸಾಲಿತ್ತು. ಕತ್ತಿ, ಮಚ್ಚು, ಕುಡುಗೋಲು. ಮೊದಲ ಹತ್ತು ಜನಕ್ಕೆ ಹಾಗೇ ಚೀಟಿ ಬರೆದುಕೊಟ್ಟೆ. ಹನ್ನೊಂದನೆಯವನು, "ಇದಕ್ಕೆ ಸೀಲು ಇಲ್ವಲ್ಲ ರೈಟ್ರೇ, ಸಾಹುಕಾರ್ರ ರಸೀದಿಗೆ ಸೀಲು ಇರ್ತದೆ" ಎಂದ. ಎಸ್ಟೇಟಿನ ಸೀಲು ತಂದು ಒತ್ತಿದೆ. ಮೊದಲ ಹತ್ತು ಜನ ವಾಪಸ್ಸು ಬಂದು ಒತ್ತಿಸಿಕೊಂಡು ಹೋದರು.

ಚೆಲುವಮ್ಮ ಈಳಿಗೆಮಣೆಯನ್ನೇ ಹೊತ್ತು ತಂದಿದ್ದಳು.

"ಇದು ಬೇಡ ಚೆಲುವಕ್ಕ. ಇದು ತರಕಾರಿ ಹೆಚ್ಚೋದು."

"ನಮ್ಮ ಮನೇದು ಮಾತ್ರ ಯಾಕೆ ಬ್ಯಾಡ? ನಾವೇನು ಅಷ್ಟು ಕಡೆಯಾ? ಇದನ್ನೂ ಆಚಾರಿನೇ ಮಾಡಿದ್ದು. ಬರ್ಕೊಳಿ. ಎಣಿಕೆ ಆದ್ಮೇಲೆ ವಾಪಸ್ ತಾನೇ?"

ಇಲ್ಲಿಯೇ ನಾನು ಬಾಯಿ ತೆರೆಯಬೇಕಿತ್ತು. ಏನು ಎಣಿಕೆ, ಯಾವ ಎಣಿಕೆ ಎಂದು ಒಂದು ಮಾತು ಕೇಳಿದ್ದರೆ ಸಾಲು ನಗುತ್ತ ಚದುರುತ್ತಿತ್ತು. ಆದರೆ ಸಾಲು ಉದ್ದವಿತ್ತು, ಎಲ್ಲರೂ ನನ್ನ ಸೀಲನ್ನೇ ನೋಡುತ್ತಿದ್ದರು.

"ಅದಕ್ಕೂ ಮೊದಲೇ ಕೊಡ್ತೀನಿ" ಎಂದೆ.

ನೂರ ಮೂವತ್ತೇಳು. ನೇತ್ರಾವತಿ ಅಡುಗೆಮನೆಯಿಂದ ಬಂದು ಜಗಲಿಯನ್ನು ನೋಡಿ ಬಾಗಿಲಿನಲ್ಲೇ ನಿಂತಳು.

"ಇದೇನು ಮಾಡಿದ್ದೀರಿ?"

"ಸ್ಯಾಂಪಲ್."

"ಊರಲ್ಲಿ ನಾಳೆ ಸೌದೆ ಏನ್ರಲ್ಲಿ ಸೀಳ್ತಾರೆ?"

ಇದರ ಬಗ್ಗೆ ಹನ್ನೊಂದು ಹಾಳೆಯಲ್ಲಿ ಏನೂ ಇರಲಿಲ್ಲ.

ಮಾರನೆಯ ದಿನ ಊರಿನಲ್ಲಿ ಸೌದೆಯನ್ನು ಕಾಲಿನಿಂದ ಮುರಿದರು. ಹಲಸಿನ ಗುಜ್ಜೆಯನ್ನು ಕಲ್ಲಿಗೆ ಜಜ್ಜಿದರು. ದನಕ್ಕೆ ಸೊಪ್ಪು ತರಲು ಹೋದವರು ಕೈಯಲ್ಲಿ ಕಿತ್ತು ತಂದರು. ಮೂರನೆಯ ದಿನ ಇಬ್ಬರು ಬಂದು, ಒಂದು ಗಂಟೆ ಮಟ್ಟಿಗೆ ತಮ್ಮ ಕತ್ತಿ ಬಳಸಲು ಅನುಮತಿ ಸಿಗುವುದೇ ಎಂದು ಕೇಳಿದರು. ನಾನು ಕೊಟ್ಟೆ. ಬರೆದು ಕೊಟ್ಟೆ. ಯಾರೊಬ್ಬರೂ ಗೊಣಗಲಿಲ್ಲ. ಸರ್ಕಾರ ತಮ್ಮನ್ನೂ ಅಪಾಯದ ಮನುಷ್ಯರೆಂದು ಲೆಕ್ಕಕ್ಕೆ ತೆಗೆದುಕೊಂಡಿತಲ್ಲ ಎಂಬ ಸಂತೋಷದಲ್ಲಿ ಊರಿಗೆ ಊರೇ ಬರಿಗೈಯಲ್ಲಿತ್ತು. ಹೋಟೆಲಿನಲ್ಲಿ ಹರುಕು ಪಂಚೆಯ ಮುದುಕನೊಬ್ಬ ಗ್ಲಾಸು ಕೆಳಗಿಟ್ಟು, "ನಂದೂ ಡಿಪಾಸಿಟ್ ಆಗೈತೆ ಕಣ್ರಪ್ಪ" ಎಂದದ್ದನ್ನು ನಾನೇ ಕೇಳಿದೆ.

ನಾಲ್ಕನೆಯ ದಿನ ಪರೀಕ್ಷೆ. ಕತ್ತಿಗಳನ್ನು ಎತ್ತಿನ ಗಾಡಿಯಲ್ಲಿ ಸ್ಟೋರಿನ ಮುಂದಕ್ಕೆ ಸಾಗಿಸಿದೆ. ಹರಿತದ ಪರೀಕ್ಷೆಗೆ ಹಳೆಯ ತೆಂಗಿನ ಹಗ್ಗ: ಎಷ್ಟು ಸಲ ಕತ್ತರಿಸಿದ ಮೇಲೆ ಮೊಂಡಾಗುತ್ತದೆ ಎಂದು ಎಣಿಸುವುದು. ಆರು ಕತ್ತಿ ಮುಗಿಸುವ ಹೊತ್ತಿಗೆ ಹಗ್ಗ ಮುಗಿಯಿತು. ಆ ಪರೀಕ್ಷೆಯನ್ನು ಅಲ್ಲಿಗೆ ಸಂಪೂರ್ಣವೆಂದು ಘೋಷಿಸಿದೆ.

ಉಳಿದದ್ದು ಏಟು ತಾಳುವ ಪರೀಕ್ಷೆ. ಎಲ್ಲ ಕತ್ತಿಗಳನ್ನೂ ಒಂದೇ ವಸ್ತುವಿನ ಮೇಲೆ, ಒಂದೇ ಬಲದಿಂದ ಮೂರು ಸಲ ಹೊಡೆಯಬೇಕು. ಆ ವಸ್ತು ಕತ್ತಿಗಿಂತ ಮೆತ್ತಗಿರಬಾರದು. ಸ್ಟೋರಿನ ಪಕ್ಕದ ಮರಕ್ಕೆ ರೈಲು ಹಳಿಯ ತುಂಡೊಂದನ್ನು ತೂಗುಹಾಕಿದ್ದೆವು.

"ರೈಟ್ರೇ, ಅದು ಗಂಟೆ" ಎಂದ ಭೂತಯ್ಯ.

"ಗೊತ್ತು."

"ಅಲ್ಲ, ಕತ್ತಿ ಬಾಯಿ ಹೋಯ್ತದೆ."

"ಹೋಗುತ್ತೋ ಇಲ್ಲವೋ ನೋಡೋದೇ ಪರೀಕ್ಷೆ ಭೂತಯ್ಯ."

ಭೂತಯ್ಯ ತನ್ನ ಕತ್ತಿಯನ್ನು ರಾಶಿಯಿಂದ ಹುಡುಕಿ ತೆಗೆಯಲು ನೋಡಿದ. ನಾನು ಪಟ್ಟಿಯಲ್ಲಿ ಅವನ ಹೆಸರು ತೋರಿಸಿದೆ. ಸೀಲು ಬಿದ್ದಿತ್ತು. ಕೈ ಬಿಟ್ಟ.

ನಮ್ಮ ಎಸ್ಟೇಟಿನಲ್ಲಿ ಗಂಟೆ ಹೊಡೆದರೆ ಆಳುಗಳು ಕೆಲಸಕ್ಕೆ ಬರುತ್ತಾರೆ, ಮತ್ತೊಮ್ಮೆ ಹೊಡೆದರೆ ಊಟಕ್ಕೆ ಹೋಗುತ್ತಾರೆ, ಮತ್ತೊಮ್ಮೆಗೆ ವಾಪಸ್ಸು ಬರುತ್ತಾರೆ, ಮತ್ತೊಮ್ಮೆ ಹೊಡೆದರೆ ಮನೆಗೆ. ಬೆಳಿಗ್ಗೆ ಹತ್ತು ಗಂಟೆಗೆ ನಾನು ಮೊದಲ ಕತ್ತಿಯನ್ನು ಹೊಡೆದೆ. ಆಳುಗಳು ಊಟಕ್ಕೆ ಹೊರಟರು. ಎರಡನೆಯದನ್ನು ಹೊಡೆದೆ. ಅರ್ಧ ದಾರಿಯಿಂದ ಕೆಲಸಕ್ಕೆ ತಿರುಗಿದರು. ಮೂರನೆಯದಕ್ಕೆ ಮನೆಗೆ ಹೊರಟರು. ನಾಲ್ಕನೆಯದಕ್ಕೆ, ಮಾರನೆಯ ದಿನವಾಯಿತೇನೋ ಎಂಬಂತೆ, ಮತ್ತೆ ಬಂದರು. ಇಪ್ಪತ್ತರ ಹೊತ್ತಿಗೆ ಎಲ್ಲರೂ ಸ್ಟೋರಿನ ಮುಂದೆಯೇ ನಿಂತುಬಿಟ್ಟರು. ನೂರ ಮೂವತ್ತೇಳು ಕತ್ತಿ, ತಲಾ ಮೂರರಂತೆ ನಾನೂರ ಹನ್ನೊಂದು ಏಟು. ಮಧ್ಯಾಹ್ನದ ಹೊತ್ತಿಗೆ ನನ್ನ ಬಲಗೈ ನನ್ನದಾಗಿ ಉಳಿದಿರಲಿಲ್ಲ. ಪ್ರತಿಯೊಂದು ಕತ್ತಿಯ ಬಾಯಲ್ಲೂ ಮೂರು ಗುಳಿ ಬಿದ್ದವು, ಬೆರಳಿಟ್ಟರೆ ಕೂರುವಷ್ಟು. ಯಾವುದೂ ಮುರಿಯಲಿಲ್ಲ. ಅದನ್ನು ನಾನು ಬರೆದುಕೊಳ್ಳಲಿಲ್ಲ. ಗುಳಿಗಳನ್ನು ಬರೆದುಕೊಂಡೆ. ಚೆಲುವಮ್ಮನ ಈಳಿಗೆಮಣೆಯನ್ನು ಮಣೆಸಮೇತ ಎತ್ತಿ ಹೊಡೆದೆ.

ಕೊನೆಯಲ್ಲಿ ರಟ್ಟಿನ ಡಬ್ಬ ತೆರೆದೆ. ಆಗ ಆಳುಗಳೆಲ್ಲ ನಿಜವಾದ ಊಟಕ್ಕೆ ಹೋಗಿದ್ದರು, ಭೂತಯ್ಯ ನೀರು ಕುಡಿಯಲು ತೊಟ್ಟಿಯ ಹತ್ತಿರ ಹೋಗಿದ್ದ. ಪೇಟೆಯ ಕತ್ತಿ ಕನ್ನಡಿಯಂತಿತ್ತು. ಕರಿಯ ಹಿಡಿ, ಸುತ್ತ ತೆಳ್ಳನೆಯ ಎಣ್ಣೆಕಾಗದ. ಎತ್ತಿ ಹಿಡಿದೆ. ಅಲಗಿನಲ್ಲಿ ನನ್ನ ಮುಖ ಕಂಡಿತು. ಹೊಡೆಯಲು ಕೈ ಬರಲಿಲ್ಲ.

ಕಾಗದ ಸುತ್ತಿ ಡಬ್ಬದ ಮೇಲಿಟ್ಟು, ಪಟ್ಟಿಯ ಕೊನೆಯ ಸಾಲಿನಲ್ಲಿ 'ಮೂರು ಏಟು, ಗುಳಿ ಇಲ್ಲ, ಅತ್ಯುತ್ತಮ' ಎಂದು ಬರೆದು ಕೆಳಗೆ ಗೆರೆ ಎಳೆದೆ.

ಗೆರೆ ಒಣಗುವ ಮೊದಲು ಪೊಲೀಸ್ ಜೀಪು ಬಂತು. ಚುನಾವಣೆಯ ಗಸ್ತಿನಲ್ಲಿ ಬಿಸಿಲೆ ಕಡೆಗೆ ಹೊರಟಿದ್ದ ಸಬ್ ಇನ್ಸ್‌ಪೆಕ್ಟರ್, ಎರಡು ತಾಸು ನಿಲ್ಲದೆ ಬಾರಿಸಿದ ಗಂಟೆ ಕೇಳಿ, ಎಲ್ಲೋ ಬೆಂಕಿ ಬಿದ್ದಿದೆ ಎಂದು ತಿರುಗಿಸಿಕೊಂಡು ಬಂದಿದ್ದರು. ಬೆಂಕಿ ಇರಲಿಲ್ಲ. ಸಾಲಾಗಿ ಜೋಡಿಸಿದ ಕತ್ತಿಗಳಿದ್ದವು. ಪ್ರತಿಯೊಂದಕ್ಕೂ ಒಬ್ಬ ಮನುಷ್ಯನ ಹೆಸರಿತ್ತು.

ಅವರು ಟೋಪಿ ತೆಗೆದು, ಮತ್ತೆ ಹಾಕಿಕೊಂಡರು.

"ಯಾವ ಪಾರ್ಟಿ?"

"ಯಾವ ಪಾರ್ಟಿನೂ ಅಲ್ಲ ಸಾರ್. ಪರೀಕ್ಷೆ."

"ಏನು ಪರೀಕ್ಷೆ?"

"ಏಟು ಎಷ್ಟು ತಾಳುತ್ತೆ ಅಂತ ಸಾರ್."

"ಯಾರು ತಾಳೋದು?"

ನಾನು ಹನ್ನೊಂದು ಹಾಳೆ ಕೊಟ್ಟೆ. ಅವರು ಚಿತ್ರಗಳನ್ನು ನೋಡಿದರು. ಇಂಗ್ಲೀಷಿನಲ್ಲಿ ಚಾಕುಗಳ ಪಟ್ಟಿ, ಜೊತೆಗೆ ಊರಿನವರ ಹೆಸರಿನ ಪಟ್ಟಿ, ಮೇಲೆ ಸೀಲು. ಯಾವ ಅಧಿಕಾರಿಯೂ ಇದಕ್ಕಿಂತ ಹೆಚ್ಚಿನದನ್ನು ಬಯಸಲಾರ.

"ಗಾಡಿ ತರಿಸ್ರಿ" ಎಂದು ಪೇದೆಗೆ ಹೇಳಿದರು.

ಕತ್ತಿಗಳನ್ನೂ ನನ್ನನ್ನೂ ಒಂದೇ ವ್ಯಾನಿಗೆ ತುಂಬಿದರು. ವ್ಯಾನು ಊರು ದಾಟುವಾಗ ಜನ ಬಾಗಿಲಿಗೆ ಬಂದು ನಿಂತಿದ್ದರು. ಯಾರ ಮುಖದಲ್ಲೂ ಗಾಬರಿಯಿರಲಿಲ್ಲ. ಚೆಲುವಮ್ಮ ಪಕ್ಕದವಳಿಗೆ ಹೇಳುತ್ತಿದ್ದದ್ದು ಕೇಳಿಸಿತು: "ನೋಡು, ಸರ್ಕಾರದ ಗಾಡಿನೇ ಬಂದು ತಗಂಡು ಹೋಯ್ತಾ ಐತೆ. ರೈಟ್ರು ಕಾವಲಿಗೆ ಕೂತವ್ರೆ. ಜವಾಬ್ದಾರಿ ಮನುಷ್ಯ."

ಠಾಣೆಯಲ್ಲಿ ನನ್ನನ್ನು ಬೆಂಚಿನ ಮೇಲೆ ಕೂರಿಸಿದರು. ಒಂದು ಗಂಟೆಯಲ್ಲಿ ಶಾಂತಮಲ್ಲಪ್ಪನವರು ಬಂದರು. ಅವರ ಮನೆತನದಲ್ಲಿ ಠಾಣೆಗೆ ಕೋವಿ ಒಪ್ಪಿಸಲು ಹೋದದ್ದುಂಟು, ರೈಟರನ್ನು ಬಿಡಿಸಲು ಹೋದದ್ದಿಲ್ಲ. ದಾರಿಯಲ್ಲಿ ಯಾರೋ ಕೊಟ್ಟಿದ್ದ ರಸೀದಿಯೊಂದನ್ನು ಬೆಳಕಿಗೆ ಹಿಡಿದು ನೋಡಿದರು.

"ಇದು ನಮ್ಮ ಸೀಲಲ್ವಾ?"

"ಹೌದು ಸಾರ್."

"ನಮ್ಮಪ್ಪ ಮಾಡಿಸಿದ್ದು. ಇದುವರ್ಗೂ ಬರೀ ಕಾಫಿ ಮೂಟೆಗೆ ಒತ್ತಿದ್ವಿ" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಇವು ಬೇಸಾಯದ ಕತ್ತಿಗಳೇ ಎಂದು ಯಾರಾದರೂ ಗುರುತಿಸಿ ಹೇಳಿಕೆ ಕೊಟ್ಟರೆ ಬಿಡಬಹುದು ಎಂದರು ಸಬ್ ಇನ್ಸ್‌ಪೆಕ್ಟರ್. ಮಾಡಿದವರನ್ನೇ ಕರೆಸಿದರು. ಕೆಂಚಾಚಾರಿ ಕೆಲಸದ ಬನಿಯನ್ನಿನ ಮೇಲೆ ಟವೆಲ್ ಹೊದ್ದು ಬಂದರು. ಹಿಂದೆಯೇ ಅರ್ಧ ಊರು ಬಂತು.

ಕೆಂಚಾಚಾರಿ ನೆಲದಲ್ಲಿ ಕೂತು ಒಂದೊಂದನ್ನೇ ಎತ್ತಿದರು. ಚೀಟಿ ಓದಲಿಲ್ಲ. ಅವರಿಗೆ ಓದು ಬರುವುದಿಲ್ಲ.

"ಇದು ಹೊಸಮನೆಯೋರದು, ಲಾರಿ ಪ್ಲೇಟು, ಎಡಗೈಯೋನಿಗೆ ಅಂತ ಮಾಡಿದ್ದು. ಇದು ಚೆಲುವಕ್ಕಂದು, ಹಳೇ ಅರದಿಂದ ತೆಗೆದಿದ್ದು. ಇದು ಭೂತಯ್ಯಂದು. ಇದು ನಂದಲ್ಲ, ನಮ್ಮಪ್ಪಂದು. ಭೂತಯ್ಯನ ತಾತಂಗೆ ಮಾಡ್ಕೊಟ್ಟಿದ್ದು."

ಹೇಳುತ್ತ ಹೇಳುತ್ತ ಪ್ರತಿಯೊಂದರ ಬಾಯಿಯ ಮೇಲೆ ಹೆಬ್ಬೆರಳು ಎಳೆಯುತ್ತಿದ್ದರು. ಬೆರಳು ಮೂರು ಸಲ ತಡೆಯುತ್ತಿತ್ತು. ಹಿಂದೆ ನಿಂತಿದ್ದವರು ಮೊದಲು ಒಬ್ಬೊಬ್ಬರಾಗಿ, ಆಮೇಲೆ ಎಲ್ಲರೂ ಬಗ್ಗಿ ನೋಡಿದರು. ಡಿಪಾಸಿಟ್ ಆದ ಸಾಮಾನು ಏನಾಗಿದೆ ಎಂದು ಆಗ ತಿಳಿಯಿತು.

"ಇದನ್ನೆಲ್ಲ ಸರ್ಕಾರ ಮಾಡ್ತಾ?" ಎಂದಳು ಚೆಲುವಮ್ಮ.

"ಸರ್ಕಾರ ಕೇಳೇ ಇಲ್ಲಮ್ಮ" ಎಂದರು ಸಬ್ ಇನ್ಸ್‌ಪೆಕ್ಟರ್.

ಆಗ ಎಲ್ಲರೂ ನನ್ನ ಕಡೆ ತಿರುಗಿದರು. ಬೆಂಚು ಉದ್ದವಾಗಿತ್ತು. ಪಕ್ಕದಲ್ಲಿ ಕೂತಿದ್ದ ಕಳ್ಳನೊಬ್ಬ ಸ್ವಲ್ಪ ಆಚೆ ಸರಿದ.

ಕೊನೆಗೆ ಕೆಂಚಾಚಾರಿಯ ಕೈಗೆ ಪೇಟೆಯ ಕತ್ತಿ ಬಂತು. ಕಾಗದ ಬಿಚ್ಚಿ ಹೆಬ್ಬೆರಳು ಎಳೆದರು. ಬೆರಳು ಎಲ್ಲಿಯೂ ತಡೆಯಲಿಲ್ಲ. "ಇದು ನಂದಲ್ಲ" ಎಂದು ಕೆಳಗಿಟ್ಟರು.

ಶಾಂತಮಲ್ಲಪ್ಪನವರು ಅದನ್ನು ಎತ್ತಿಕೊಂಡರು. ನನ್ನ ಪಟ್ಟಿಯ ಕೊನೆಯ ಸಾಲು ಓದಿದರು. "ಎಲ್ಲಾ ಬಾಯಿ ಬಿಟ್ಕಂಡವೆ, ಇದೊಂದು ಹಂಗೇ ಐತಲ್ರೀ. ರೈಟ್ರು ಮಾಡಿದ ಕೆಲ್ಸ ಹಲ್ಕಾ ಆದ್ರೂ ಒಂದು ವಿಷ್ಯ ಗೊತ್ತಾಯ್ತು ಬುಡಿ. ನಲವತ್ತು ಅಲ್ಲಿಗೇ ಹೇಳ್ಬುಡನ."

ಅವರು ವಾಪಸ್ಸು ಕೊಟ್ಟ ಪಟ್ಟಿಯನ್ನು ನಾನು ಮಡಚಿ ಜೇಬಿಗೆ ಹಾಕಿಕೊಂಡೆ. ಕೆಂಚಾಚಾರಿ ಟವೆಲಿನಲ್ಲಿ ಕೈ ಒರೆಸಿಕೊಂಡು ಹೇಳಿಕೆಗೆ ಹೆಬ್ಬೆಟ್ಟು ಒತ್ತಿದರು. ಕತ್ತಿಗಳನ್ನೂ ನನ್ನನ್ನೂ ಬಿಟ್ಟರು.

ನಮ್ಮ ಕಡೆ ಕುಲುಮೆಗೆ ಒಂದು ಪದ್ಧತಿಯಿದೆ. ಯಾರ ಕೆಲಸವೋ ಅವರೇ ಕೂತು ಒಲೆಗೆ ಗಾಳಿ ಹಾಕಬೇಕು. ಮೊದಲು ತಿದಿ ಒತ್ತುತ್ತಿದ್ದರು, ಈಗ ಕೈಯಲ್ಲಿ ತಿರುಗಿಸುವ ಗಾಳಿಯಂತ್ರ ಬಂದಿದೆ. ಬಾಯಿ ಹೋದ ನೂರ ಮೂವತ್ತೇಳು ಕತ್ತಿಗಳು ಯಾರ ಕೆಲಸ ಎಂಬ ಪ್ರಶ್ನೆ ಊರಿನಲ್ಲಿ ಏಳಲೇ ಇಲ್ಲ. ಮಾರನೆಯ ಬೆಳಿಗ್ಗೆ ಕೆಂಚಾಚಾರಿ ಒಂದು ಗೋಣಿಚೀಲ ಹಾಸಿಟ್ಟಿದ್ದರು. ನಾನು ಹೋಗಿ ಕೂತೆ.

ದಿನಕ್ಕೆ ಹನ್ನೆರಡು, ಹದಿಮೂರು ಕತ್ತಿ. ಕಾಯಿಸಿ, ಬಡಿದು, ಬಾಯಿ ಎಳೆದು, ನೀರಿಗೆ ಅದ್ದಿ, ಮತ್ತೆ ಕಾಯಿಸಿ ಹದಕ್ಕೆ ತರಬೇಕು. ಊರಿನವರು ತಮ್ಮ ಕತ್ತಿಯ ಸರದಿ ಯಾವಾಗ ಎಂದು ನೋಡಲು ಬರುತ್ತಿದ್ದರು. ನೋಡಿ ಹೋಗುತ್ತಿರಲಿಲ್ಲ, ಕೂರುತ್ತಿದ್ದರು.

"ರಾಕ್‌ವೆಲ್ ಎಷ್ಟಕ್ಕೆ ಬಂತು ರೈಟ್ರೇ?"

"ಜೋರಾಗಿ ತಿರುಗಿಸಿ. ಸೀಲು ಒತ್ತೋವಾಗ ಕೈ ಚೆನ್ನಾಗಿ ಆಡ್ತಿತ್ತಲ್ಲ."

ಹರುಕು ಪಂಚೆಯ ಮುದುಕ ಮಾತ್ರ ತನ್ನ ರಸೀದಿಯನ್ನು ನಾಲ್ಕಾಗಿ ಮಡಚಿ ನನ್ನ ಅಂಗಿಯ ಜೇಬಿಗೆ ಹಾಕಿ ಹೋದ.

ನೇತ್ರಾವತಿ ಮೊದಲ ದಿನ ಊಟ ತಂದು, ಕಟ್ಟೆಯ ಮೇಲೆ ಕೂತವರನ್ನು ನೋಡಿ, ಕ್ಯಾರಿಯರನ್ನು ದೂರದಲ್ಲೇ ಇಟ್ಟು ಹೋದಳು. ಎರಡನೆಯ ದಿನದಿಂದ ಚೆಲುವಮ್ಮನ ಕೈಯಲ್ಲಿ ಕಳಿಸಿದಳು. ಇದಕ್ಕಿಂತ ದೊಡ್ಡ ಶಿಕ್ಷೆಯನ್ನು ಯಾವ ಠಾಣೆಯೂ ವಿಧಿಸಲಾರದು.

ಕೆಂಚಾಚಾರಿ ಕೆಲಸದ ಮಾತು ಬಿಟ್ಟು ಬೇರೆ ಆಡುತ್ತಿರಲಿಲ್ಲ. ಆರನೆಯ ದಿನ ಅಳಿಯನಿಗೆ ಫೋನು ಮಾಡಿಸಿದರೆಂದು ಚೆಲುವಮ್ಮ ಹೇಳಿದಳು. ಎಂಟನೆಯ ದಿನ ಕುಲುಮೆಯ ಮೂಲೆಯಲ್ಲಿದ್ದ ಹಳೆಯ ತಿದಿಯನ್ನು ಯಾರಿಗೋ ಕೊಟ್ಟರು. ಒಂಬತ್ತನೆಯ ದಿನ ದೊಡ್ಡ ಸುತ್ತಿಗೆಗಳನ್ನು ಎಣ್ಣೆ ಒರೆಸಿ ಗೋಣಿಯಲ್ಲಿ ಕಟ್ಟಿದರು. ನಾನು ದಿನಾ ಬೆಳಿಗ್ಗೆ ಇವತ್ತು ಹೇಳಿಬಿಡಬೇಕು ಎಂದುಕೊಂಡು ಮನೆ ಬಿಡುತ್ತಿದ್ದೆ. ಕುಲುಮೆಯಲ್ಲಿ ಯಾವಾಗಲೂ ಜನವಿರುತ್ತಿದ್ದರು. ಜನವಿಲ್ಲದಾಗ, ಜನವಿದ್ದಾಗ ಹೇಳುವುದು ಸರಿ ಎನಿಸುತ್ತಿತ್ತು.

ಹನ್ನೊಂದನೆಯ ದಿನ ಮಧ್ಯಾಹ್ನ ಶಾಂತಮಲ್ಲಪ್ಪನವರ ಜೀಪು ಬಂದು ಎಂಜಿನ್ ಆರಿಸದೆ ನಿಂತಿತು. ಪಕ್ಕದ ಸೀಟಿನ ಮೇಲೆ ರಟ್ಟಿನ ಡಬ್ಬವಿತ್ತು.

"ರೈಟ್ರೇ, ಆ ಪರೀಕ್ಷೆ ಪಟ್ಟಿ ಕೊಡ್ರಿ. ಹಾಸನಕ್ಕೆ ಹೊಂಟಿದ್ದೀನಿ. ಅಂಗಡಿಯೋನಿಗೆ ತೋರಿಸಿ ನಲವತ್ತಕ್ಕೆ ಹೇಳಿ ಬತ್ತೀನಿ."

ಪಟ್ಟಿ ನನ್ನ ಜೇಬಿನಲ್ಲಿತ್ತು. ಕಟ್ಟೆಯ ಮೇಲೆ ಚೆಲುವಮ್ಮ, ಭೂತಯ್ಯ, ಇನ್ನೂ ನಾಲ್ಕಾರು ಜನ ಕೂತಿದ್ದರು. ಭೂತಯ್ಯ ಡಬ್ಬದ ಕಡೆ ನೋಡುತ್ತ, "ಹಳಿಗೇ ಜಗ್ಗಿಲ್ಲ ಅಂದ್ರೆ ಮರ ಯಾವ ಲೆಕ್ಕ. ಈ ಸಲ ಮರಗಸಿ ಬೇಗ ಮುಗೀತದೆ" ಎಂದ. ಅವನು ಅದನ್ನು ನಿಜವೆಂದು ನಂಬಿ ಹೇಳುತ್ತಿದ್ದ. ಆ ಕತ್ತಿ ಹಿಡಿದು ಮೂವತ್ತಡಿ ಮೇಲೆ ಹೋಗುವವನು ಅವನೇ.

ಗಾಳಿಯಂತ್ರದ ಮೇಲೆ ನನ್ನ ಕೈ ನಿಂತಿತು.

"ಅದಕ್ಕೆ ನಾನು ಹೊಡೀಲಿಲ್ಲ ಸಾರ್."

"ಯಾವುದಕ್ಕೆ?"

"ಪೇಟೆ ಕತ್ತಿಗೆ. ಒಂದು ಏಟೂ ಹಾಕ್ಲಿಲ್ಲ."

"ಮೂರು ಏಟು, ಅತ್ಯುತ್ತಮ ಅಂತ ಬರ್ದಿದ್ರಲ್ರೀ."

"ಬರೆದೆ."

"ಯಾಕೆ?"

ಇದಕ್ಕೆ ಹಲವು ಉತ್ತರಗಳನ್ನು ಹನ್ನೊಂದು ದಿನದಿಂದ ತಯಾರು ಮಾಡಿಟ್ಟುಕೊಂಡಿದ್ದೆ. ಅವನ್ನೆಲ್ಲ ಬಿಟ್ಟು, "ಹೊಸದು. ಹಾಳಾಗುತ್ತೆ ಅನ್ನಿಸ್ತು" ಎಂದೆ.

ಜನ ನಗುತ್ತಾರೆ ಎಂದುಕೊಂಡಿದ್ದೆ. ಯಾರೂ ನಗಲಿಲ್ಲ. ಚೆಲುವಮ್ಮ, ಎಂದೂ ಇಲ್ಲದಷ್ಟು ಮೆಲ್ಲಗೆ, "ನಮ್ಮವು ಹಾಳಾಗಲ್ಲ ಅನ್ನಿಸ್ತಾ ರೈಟ್ರೇ?" ಎಂದಳು.

ನಾನು ಒಲೆಯೊಳಗೆ ನೋಡಿದೆ.

ಶಾಂತಮಲ್ಲಪ್ಪನವರು ಡಬ್ಬದಿಂದ ಕತ್ತಿ ತೆಗೆದು ಭೂತಯ್ಯನ ಕೈಗೆ ಕೊಟ್ಟರು. ಭೂತಯ್ಯ ಹಳಿ ಹುಡುಕಲಿಲ್ಲ. ಕುಲುಮೆಯ ಮುಂದೆ ಒಣಗಿದ ಹೊನ್ನೆ ಮರದ ದಿಮ್ಮಿಯಿತ್ತು. ಅದರಲ್ಲಿ ಒಂದು ಗಂಟು ಆರಿಸಿ, ಮರದ ಮೇಲೆ ಹೇಗೆ ಹೊಡೆಯುತ್ತಾನೋ ಹಾಗೆ ಓರೆಯಾಗಿ ಹೊಡೆದ. ಮೊದಲ ಏಟಿಗೆ ಚೆನ್ನಾಗಿ ಇಳಿಯಿತು. ಎರಡನೆಯದಕ್ಕೂ ಇಳಿಯಿತು. ಮೂರನೆಯ ಏಟಿಗೆ ಸಣ್ಣಗೆ ಟಿಣ್ ಎಂದಿತು. ಬಾಯಲ್ಲಿ ಹುಣಸೆಬೀಜದಷ್ಟು ಜಾಗ ಖಾಲಿಯಾಗಿತ್ತು.

ಭೂತಯ್ಯ ಮುಟ್ಟಿ ನೋಡಿ, ಆ ಬೆರಳಿನಿಂದಲೇ ತನ್ನ ರೆಪ್ಪೆ ಮುಟ್ಟಿಕೊಂಡ. ಒಟ್ಟು ಒಂದು ನಿಮಿಷವೂ ಆಗಿರಲಿಲ್ಲ.

ಕೆಂಚಾಚಾರಿ ಕತ್ತಿ ಇಸಿದುಕೊಂಡು ತಿರುಗಿಸಿ ನೋಡಿದರು. "ಕಬ್ಬಿಣ ಒಳ್ಳೇದೇ. ಅಡುಗೆಮನೆಗಾದ್ರೆ ವರ್ಷಗಟ್ಟಲೆ ಹರಿತ ನಿಲ್ತದೆ. ಮರ ಹತ್ತೋದಲ್ಲ ಇದು" ಎಂದು ವಾಪಸ್ಸು ಕೊಟ್ಟರು.

"ನಿಂಗೆ ಮೊದ್ಲೇ ಗೊತ್ತಿತ್ತೇನಯ್ಯ, ಇವ್ರು ಹೊಡ್ದಿಲ್ಲ ಅಂತ?" ಎಂದು ಕೇಳಿದರು ಶಾಂತಮಲ್ಲಪ್ಪನವರು.

"ಠಾಣೆಯಲ್ಲೇ ಗೊತ್ತಾಯ್ತು. ಮೂರು ಏಟು ಹಳಿಗೆ ಬಿದ್ದಿದ್ರೆ ಅದು ಕತ್ತಿ ಆಗಿ ಉಳೀತಿರಲಿಲ್ಲ."

"ಮತ್ತೆ ಬಾಯಿ ಬಿಡಬಾರ್ದಾ?"

"ನಾನು ಹೇಳಿದ್ರೆ ನನ್ನ ಯಾಪಾರಕ್ಕೆ ಹೇಳ್ದ ಅಂತಿದ್ರಿ. ಹೇಳಬೇಕಾದೋರು ದಿನಾ ಇಲ್ಲೇ ಕೂತಿದ್ರಲ್ಲ."

ಶಾಂತಮಲ್ಲಪ್ಪನವರು ಕೊನೆಗೂ ಎಂಜಿನ್ ಆರಿಸಿದರು. ಇಳಿದು ಬಂದು, ಗೋಣಿಯಲ್ಲಿ ಕಟ್ಟಿದ್ದ ಸುತ್ತಿಗೆಗಳನ್ನು ನೋಡಿದರು. "ನಲವತ್ತು ಮಾಡಯ್ಯ. ಮಳೆಗೆ ಮೊದ್ಲು ಬೇಕು. ಆಯ್ತದಾ?"

ಕೆಂಚಾಚಾರಿ ಬಾಗಿಲಾಚೆ ಆಕಾಶ ನೋಡಿ ಮನಸ್ಸಿನಲ್ಲೇ ಲೆಕ್ಕ ಹಾಕಿದರು. "ಕಬ್ಬಿಣ ಐತೆ. ಇದ್ದಿಲು ಸಾಲದು, ತರಿಸ್ಬೇಕು. ಎಸ್ಟೇಟ್ ಕಡೆಯಿಂದ ಗಾಳಿ ಹಾಕೋಕೆ ಯಾರು ಬರ್ತಾರೆ?"

ಯಾರೂ ನನ್ನ ಕಡೆ ತಿರುಗಲಿಲ್ಲ. ಎಲ್ಲರೂ ಆ ನಲವತ್ತು ಕತ್ತಿಗಳ ಉದ್ದ ಎಷ್ಟಿರಬೇಕೆಂದು ಮಾತಾಡತೊಡಗಿದ್ದರು. ಭೂತಯ್ಯ ಕೈಯಲ್ಲಿ ಅಳತೆ ತೋರಿಸುತ್ತಿದ್ದ. ಒಲೆಯಲ್ಲಿ ಯಾರದೋ ಕತ್ತಿ ಕೆಂಪು ಬಿಟ್ಟು ಕಪ್ಪಾಗುತ್ತ ಬಂದಿತ್ತು. ನಾನು ಗೋಣಿಚೀಲವನ್ನು ಸರಿಪಡಿಸಿಕೊಂಡು ಗಾಳಿಯಂತ್ರದ ಹಿಡಿಯನ್ನು ತಿರುಗಿಸಿದೆ.